‘ಕಾಲೋಚಿತ’ ಕ್ಲಿಪ್ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಹಳೇ ಕಾರುಗಳ ಕೂಲಿಂಗ್ ವ್ಯವಸ್ಥೆಯನ್ನು ಮೊದಲಿದ್ದ ಹಾಗೇ ಜೋಡಿಸುವುದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರೇಡಿಯೇಟರಿನ ರಬ್ಬರ್ ಹೋಸನ್ನು ಬಿಗಿಯಾಗಿ ಹಿಡಿಯುವ ಕ್ಲಿಪ್ಪಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಕಾರು ಯಾವ ಕಾಲದ್ದೋ ಕ್ಲಿಪ್ಪೂ ಆ ಕಾಲದ ಬಗೆಯದೇ ಆಗಿರಬೇಕು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಪೀರಿಯಡ್ ಕರೆಕ್ಟ್’ ಅನ್ನುತ್ತಾರೆ. ನಾನು ಜಾಸ್ತಿ ಯೋಚಿಸದೆ ‘ಕಾಲೋಚಿತ ಕ್ಲಿಪ್’ ಎಂದು ಬರೆದಿದ್ದೆ. ಕರಡು ಓದಿದ ಮೆಕ್ಯಾನಿಕ್ ಗೆಳೆಯ ಕೇಳಿದ: “ಅಂದ್ರೆ ಬೇಸಿಗೆಗೊಂದು, ಮಳೆಗಾಲಕ್ಕೊಂದು ಕ್ಲಿಪ್ಪಾ?”

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಕಾಲೋಚಿತ, ಸಮಯೋಚಿತ ಎರಡೂ ಸಂದರ್ಭಕ್ಕೆ ತಕ್ಕದ್ದು ಅನ್ನುವ ಮಾತುಗಳು. ನನಗೆ ಬೇಕಾಗಿರುವುದು ಕಾರು ಕಾರ್ಖಾನೆಯಿಂದ ಹೊರಬಂದ ಕಾಲಕ್ಕೆ ತಕ್ಕದ್ದು. ‘ಸಮಕಾಲೀನ’ ಹತ್ತಿರ ಬರುತ್ತದೆ, ಆದರೆ ಅದು ಇನ್ನೂ ಅಪಾಯ. ಸಮಕಾಲೀನ ಕಲೆ ಎಂದರೆ ಇವತ್ತಿನ ಕಲೆ ಅಲ್ವಾ? ‘ಸಮಕಾಲೀನ ಕ್ಲಿಪ್’ ಎಂದು ಓದಿದವರು ನಿನ್ನೆ ತಯಾರಾದ ಸ್ಟೀಲ್ ಕ್ಲಿಪ್ ತಂದು ಹಾಕಿಬಿಟ್ಟಾರು.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಸ್ಕ್ರೂ ತಿರುಗಿಸಿದಂತೆಲ್ಲ ಪಟ್ಟಿಯ ಹಲ್ಲುಗಳನ್ನು ಹಿಡಿದು ಎಳೆಯುವ ಕ್ಲಿಪ್ಪನ್ನು ನೀವೆಲ್ಲ ನೋಡಿರುತ್ತೀರಿ. ಬ್ರಿಟಿಷ್ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ ಅದಕ್ಕೆ ಪೇಟೆಂಟ್ ಪಡೆದದ್ದು 1921ರಲ್ಲಿ. ಮಾರಿದ ಹೆಸರು ಜುಬಿಲಿ. ಬ್ರಿಟನ್ನಿನಲ್ಲಿ ಈಗ ಯಾರು ತಯಾರಿಸಿದರೂ ಅದು ಜುಬಿಲಿ ಕ್ಲಿಪ್ಪೇ, ನಾವು ಎಲ್ಲ ಯಂತ್ರದ ನಕಲನ್ನೂ ಜೆರಾಕ್ಸ್ ಅನ್ನುವ ಹಾಗೆ. 1912ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಇದನ್ನು ಹಾಕಿದರೆ ನೋಡಲು ಹಳೇದರ ಹಾಗೇ ಇರುತ್ತದೆ, ಆದರೆ ಆ ಕಾಲದ್ದಲ್ಲ. 1950–60ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಚೇನಿ ಎಂಬ ಬೇರೆ ಕ್ಲಿಪ್ ಸಿಗುತ್ತದೆ. (ಇದನ್ನು ‘ಚೀನಿ’ ಎಂದು ಬರೆದರೆ ಕಥೆ ಮುಗಿಯಿತು!) 1960ರ ದಶಕದ ಷೆವ್ರೊಲೆ ಕಾರುಗಳಿಗಾದರೆ ತಂತಿಯ ಸ್ಪ್ರಿಂಗ್ ಬಳೆ, ಇಲ್ಲವೇ ಷಿಕಾಗೋದ ವಿಟ್ಟೆಕ್ ಕಂಪನಿಯ ಹೆಸರು ಒತ್ತಿರುವ ಟವರ್ ಕ್ಲಾಂಪ್, ಅಂದರೆ ಸ್ಕ್ರೂ ಕೂರುವ ಭಾಗ ಗೋಪುರದ ಹಾಗೆ ಮೇಲೆದ್ದಿರುವ ಪಟ್ಟಿ.

ಅಲ್ಲಿಗೆ ಎರಡನೇ ತೊಡಕು. ಈ ವಸ್ತುವಿಗೇ ಕನ್ನಡದಲ್ಲಿ ಏನನ್ನೋಣ? ಬ್ರಿಟನ್ನಿನವರಿಗೆ ಅದು ಕ್ಲಿಪ್, ಅಮೆರಿಕದವರಿಗೆ ಕ್ಲಾಂಪ್. ನಮ್ಮ ಗ್ಯಾರೇಜುಗಳಲ್ಲಿ ಎರಡೂ ನಡೆಯುತ್ತವೆ. ನಾನು ಮೊದಲು ‘ಬಿಗಿಪಟ್ಟಿ’ ಎಂದು ಮಾಡಿಕೊಂಡು ಖುಷಿಪಟ್ಟಿದ್ದೆ. ಆಮೇಲೆ ಹೊಳೆಯಿತು, ತಂತಿಯದರಲ್ಲಿ ಪಟ್ಟಿಯೇ ಇಲ್ಲ. ಒನಕೆಯ ತುದಿಗೆ ಹಾಕುವ ಅಣಸು ನೆನಪಾಯಿತು. ಚೆಂದದ ಪದ, ಆದರೆ ಅಣಸು ಒಮ್ಮೆ ಕೂತರೆ ಕೂತ ಹಾಗೇ. ಹೋಸಿನದು ಬಿಚ್ಚಿ ಹಾಕುವಂಥದ್ದು. ‘ಬಿಗಿಬಳೆ’ ಅಂದರೆ ಪಟ್ಟಿಗೂ ತಂತಿಗೂ ಸಲ್ಲುತ್ತದೆ. ನನಗಿರುವ ಅಳುಕು ‘ಬಿಗಿ’ಯ ಬಗ್ಗೆ. ಸ್ಪ್ರಿಂಗ್ ಬಳೆಯನ್ನು ನಾವು ಬಿಗಿಯುವುದಿಲ್ಲ. ಇಕ್ಕಳದಲ್ಲಿ ಅದುಮಿ ಅಗಲ ಮಾಡಿ, ಜಾಗಕ್ಕೆ ತಂದು ಬಿಡುತ್ತೇವೆ. ರಬ್ಬರ್ ಕಾದು ಹಿಗ್ಗಿದರೂ ತಣಿದು ಕುಗ್ಗಿದರೂ ಅದೇ ಹಿಂಬಾಲಿಸಿ ಹಿಡಿಯುತ್ತದೆ. ಸ್ಕ್ರೂ ಇರುವುದನ್ನು ಮಾತ್ರ ಜನ ಬಿಗಿದೂ ಬಿಗಿದೂ, ಪಟ್ಟಿಯ ಸೀಳುಗಳೊಳಗೆ ರಬ್ಬರ್ ಉಬ್ಬಿ ಕತ್ತರಿಸುವ ತನಕ ಬಿಡುವುದಿಲ್ಲ. ಹೆಸರಿನಲ್ಲೇ ಬಿಗಿ ಅಂದುಬಿಟ್ಟರೆ ಅವರಿಗೆ ಇನ್ನಷ್ಟು ಹುರುಪು ಬಂದೀತು. ಸದ್ಯಕ್ಕೆ ಕೈಪಿಡಿಯಲ್ಲಿ ಕ್ಲಿಪ್ ಎಂದೇ ಇಟ್ಟಿದ್ದೇನೆ.

ಮತ್ತೆ ಮೊದಲ ಪ್ರಶ್ನೆಗೆ ಬರುತ್ತೇನೆ, ನನ್ನ ನಿಜವಾದ ಕಷ್ಟ ಅದೇ. ಇಲ್ಲಿ ಬೇರೆ ಬೇರೆಯಾಗಿ ಹೇಳಬೇಕಾದ ಮಾತುಗಳು ಹಲವು ಇವೆ. ಆ ಕಾರಿನ ಜೊತೆಗೇ ಬಂದ ಕ್ಲಿಪ್ಪಿಗೆ ‘ಅಸಲಿ’ ಸಾಕು. ಆಗಲೇ ತಯಾರಾಗಿ ಯಾವ ಕಾರಿಗೂ ಹೋಗದೆ ಡಬ್ಬದಲ್ಲೇ ಉಳಿದದ್ದು ‘ಹಳೇ ದಾಸ್ತಾನಿನ ಹೊಸ ಮಾಲು’. ಹಳೇ ಮಾದರಿ ನೋಡಿ ಈಗ ಮಾಡಿದ್ದಕ್ಕೆ ‘ನಕಲಿ’ ಅಂದರೆ ಪಾಪ, ಕಳ್ಳಮಾಲು ಅನ್ನಿಸುತ್ತದೆ; ‘ಪಡಿಯಚ್ಚು’ ಸರಿಹೋಗುತ್ತದೆ. ಈ ಮೂರೂ ಆ ಕಾರಿಗೆ ಒಪ್ಪುವಂಥವೇ. ಮೂರನ್ನೂ ಒಟ್ಟಿಗೆ ಕರೆಯುವ ಪದ ಬೇಕು.

ನನಗೆ ತೋಚಿದ್ದು ‘ಸಲ್ಲು’. ಸಲ್ಲುವ ನಾಣ್ಯ ಅನ್ನುತ್ತೇವಲ್ಲ, ಹಾಗೆ ‘ಆ ಕಾಲಕ್ಕೆ ಸಲ್ಲುವ ಕ್ಲಿಪ್’. ಯಾವಾಗ ತಯಾರಾಯಿತು ಅನ್ನುವುದನ್ನು ಈ ಮಾತು ಕೇಳುವುದಿಲ್ಲ, ಆ ಕಾಲದಲ್ಲಿ ನಡೆಯುತ್ತಿತ್ತೇ ಅನ್ನುವುದನ್ನಷ್ಟೇ ಕೇಳುತ್ತದೆ. ಗೆಳೆಯನಿಗೂ ಒಂದೇ ಸಲಕ್ಕೆ ಅರ್ಥವಾಯಿತು. ವಾಕ್ಯದೊಳಗೆ ಸಲೀಸಾಗಿ ಕೂರುತ್ತದೆ. ಬಿಡಿಭಾಗಗಳ ಪಟ್ಟಿಯ ತಲೆಬರಹಕ್ಕೆ ಮಾತ್ರ ಉದ್ದವಾಯಿತು, ಅಲ್ಲಿ ಒಂದೇ ಪದ ಹಿಡಿಸುವಷ್ಟು ಜಾಗವಿದೆ. ‘ಕಾಲಸಲ್ಲುವ’ ಎಂದು ಅಂಟಿಸಿದರೆ ಕಾಲು ಎಡವಿದ ಹಾಗಾಗುತ್ತದೆ. ‘ತತ್ಕಾಲೀನ’ ಎಂದು ಒಬ್ಬರು ಸೂಚಿಸಿದರು. ಅರ್ಥ ಸರಿ, ಆದರೆ ಗ್ಯಾರೇಜಿನಲ್ಲಿ ಅದನ್ನು ಓದಿದವರಿಗೆ ‘ತಾತ್ಕಾಲಿಕ’ ಎಂದೇ ಕಾಣುತ್ತದೆ. ತಾತ್ಕಾಲಿಕ ಕ್ಲಿಪ್ ಹಾಕಿಕೊಂಡು ಹೊರಟವರ ಕಾರಿನ ನೀರು ದಾರಿಯಲ್ಲೇ ಕುದಿಯುತ್ತದೆ!

‘ಸಲ್ಲು’ವಿನಿಂದಲೇ ತಲೆಬರಹಕ್ಕೆ ಹೊಂದುವ ಗಿಡ್ಡ ರೂಪ ಯಾರಿಗಾದರೂ ಹೊಳೆಯುತ್ತದಾ? ಅಥವಾ ನಿಮ್ಮ ಕಡೆ ಹಳೇ ಮನೆ, ಹಳೇ ಗಡಿಯಾರ ರಿಪೇರಿ ಮಾಡುವವರು ಇದಕ್ಕೆ ಬೇರೇನಾದರೂ ಅನ್ನುವುದನ್ನು ಕೇಳಿದ್ದೀರಾ?