ಮೇಲೇಳುವ ಚುಕ್ಕಾಣಿಗೆ ಯಾವ ಪಿನ್ ಸರಿ?

ಪ್ರಶ್ನೆ: 14 ಅಡಿಯ ಪ್ಲೈವುಡ್ ಹಾಯಿದೋಣಿ. ಚುಕ್ಕಾಣಿಯ ಅಲಗು ನೀರಿನ ತಳಕ್ಕೆ ತಾಗಿದರೆ ಪಿನ್ ಮುರಿದು ಅಲಗು ಹಿಂದಕ್ಕೆ ಏಳಬೇಕು. ಪಿನ್ ಇರುವುದು ತಿರುಗುವ ಬೋಲ್ಟ್‌ನಿಂದ 60 ಮಿ.ಮೀ. ದೂರದಲ್ಲಿ, ಅಲಗಿನ ತುದಿ 750 ಮಿ.ಮೀ. ಕೆಳಗೆ. ಸ್ಟೀಲ್, ಮರ, ನೈಲಾನ್, ಯಾವುದು ಹಾಕಲಿ?

ಉತ್ತರ 1: ಸ್ಟೀಲ್ ಖಂಡಿತ ಬೇಡ. ಅದು ಮುರಿಯದೆ, ದೋಣಿಯ ಹಿಂಬದಿ ಹಲಗೆಗೆ ಚುಕ್ಕಾಣಿಯನ್ನು ಹಿಡಿದಿರುವ ಕೊಂಡಿಗಳೇ ಸ್ಕ್ರೂ ಸಮೇತ ಕಿತ್ತು ಬರುತ್ತವೆ. 5 ಮಿ.ಮೀ. ನೈಲಾನ್ ಸರಳು ಹಾಕಿ. ಅಲಗಿನ ಎರಡು ಬದಿಗೂ ಇರುವ ಕೆನ್ನೆಹಲಗೆಗಳ ಮೂಲಕ ಹಾದರೆ ಪಿನ್ ಎರಡು ಕಡೆ ತುಂಡಾಗಬೇಕಾಗುತ್ತದೆ. ನಿಮ್ಮ ಅಳತೆಗೆ ತುದಿಯಲ್ಲಿ ಸುಮಾರು 20 ಕೆ.ಜಿ. ಎಳೆತಕ್ಕೆ ಮುರಿಯುತ್ತದೆ. 6 ಮಿ.ಮೀ. ಆದರೆ ಸುಮಾರು 30. ಒಂದೇ ಮಿಲಿಮೀಟರ್ ಅಲ್ಲವೇ ಅಂತ ಬಿಡಬೇಡಿ, ಬಲ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಡದಲ್ಲೇ ಅಲಗಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹಿಂದಕ್ಕೆ ಎಳೆದು ಒಂದು ಪಿನ್ ಮುರಿದು ನೋಡಿ.

ಉತ್ತರ 2: ನೈಲಾನ್ ಸ್ಕ್ರೂ ಬಳಸುವುದಾದರೆ ಅದು ತುಂಡಾಗುವ ಜಾಗದಲ್ಲಿ ಮರೆ (ಸ್ಕ್ರೂವಿನ ಸುರುಳಿ ಗೆರೆ) ಬರದಂತೆ ನೋಡಿ, ಮರೆಯ ಬುಡದಲ್ಲಿ ದಪ್ಪ ಕಮ್ಮಿ, ಬೇಗ ಹೋಗುತ್ತದೆ. ಮರದ ಕಡ್ಡಿ ನೀರು ಕುಡಿದು ಉಬ್ಬಿ ತೂತಿನಲ್ಲೇ ಕಚ್ಚಿಕೊಳ್ಳುತ್ತದೆ, ಎಳೆ ಓರೆಯಾಗಿದ್ದರೆ ಯಾವಾಗ ಮುರಿಯುತ್ತದೋ ಹೇಳಲಾಗದು.

ಉತ್ತರ 3: ತೂತು ಆರಪಾರ ಇರಲಿ, ಮುರಿದ ತುಂಡನ್ನು ಮೊಳೆಯಿಂದ ತಳ್ಳಿ ತೆಗೆಯಬಹುದು. ತೂತು ಸವೆದು ಮೊಟ್ಟೆಯಾಕಾರವಾದರೆ ಪಿನ್ ಪ್ರತಿ ಅಲೆಗೂ ಕುಲುಕಿ, ಏನೂ ತಾಗದೆಯೇ ಮುರಿಯುತ್ತದೆ. ಎಪಾಕ್ಸಿ ಅಂಟು ತುಂಬಿ ಮತ್ತೆ ಕೊರೆಯಿರಿ. ಬಿಸಿಲಿಗೆ ನೈಲಾನ್ ಪೆಡಸಾಗುವುದರಿಂದ ಮುರಿಯದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಬಿಡಿ ಪಿನ್‌ಗಳನ್ನು ಚುಕ್ಕಾಣಿಯ ಹಿಡಿಗೇ ಟೇಪ್ ಸುತ್ತಿ ಇಟ್ಟುಕೊಳ್ಳಿ.