ಗುಹೆಯಿಂದ ಮಗ ತಂದ ಕಲ್ಲಿನ ತುಂಡು, ಏನು ಮಾಡಲಿ?

ಸುಮಾ_ಬಳ್ಳಾರಿ
ಹೋದ ವಾರ ಆಂಧ್ರದ ಅರಕು ಕಡೆ ಹೋಗಿ ಬೊರ್ರಾ ಗುಹೆ ನೋಡಿಕೊಂಡು ಬಂದೆವು. ಬಟ್ಟೆ ಒಗೆಯಲು ಹಾಕುವಾಗ ಮಗನ ಚಡ್ಡಿ ಜೇಬಿನಲ್ಲಿ ಒಂದು ತುಂಡು ಸಿಕ್ಕಿತು. ಬೆರಳುದ್ದ ಇದೆ, ಪೆನ್ಸಿಲ್‌ಗಿಂತ ಸಣ್ಣ, ಒಳಗೆ ಟೊಳ್ಳು, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತೆ. "ಸುಮ್ನೆ ಮುಟ್ಟಿದೆ ಅಮ್ಮಾ, ಮುರಿದೇ ಹೋಯ್ತು" ಅಂತ ಅಳುತ್ತಾನೆ. ಮನೆಯವರು ಷೋಕೇಸಲ್ಲಿ ಇಡು ಅಂತಾರೆ, ನನಗೆ ಮನಸ್ಸು ಒಪ್ಪುತ್ತಿಲ್ಲ. ವಾಪಸ್ ಹೋಗಿ ಫೆವಿಕ್ವಿಕ್ ಹಾಕಿ ಅಂಟಿಸಬಹುದಾ?

ಕಲ್ಲುಮಣ್ಣು
ಅದು ಗುಹೆಯ ಚಾವಣಿಯಿಂದ ಇಳಿದ ಸುಣ್ಣದ ಕೊಳವೆ ಇರಬೇಕು ಮೇಡಂ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕೊಂಚ ಹುಳಿಯಾಗುತ್ತೆ, ಸುಣ್ಣದಕಲ್ಲನ್ನು ಕರಗಿಸಿಕೊಂಡು ಇಳಿಯುತ್ತೆ, ಗುಹೆಯ ಗಾಳಿ ತಾಗಿದಾಗ ಆ ಅನಿಲ ಹೊರಟುಹೋಗಿ ಹನಿಯ ಸುತ್ತ ಉಂಗುರದ ಹಾಗೆ ಸುಣ್ಣ ಉಳಿಯುತ್ತೆ. ಉಂಗುರದ ಕೆಳಗೆ ಉಂಗುರ. ಅದಕ್ಕೇ ಒಳಗೆ ಟೊಳ್ಳು. ಎಷ್ಟೋ ಕಡೆ ಇದು ವರ್ಷಕ್ಕೆ 1 ಮಿಲಿಮೀಟರ್ ಕೂಡ ಬೆಳೆಯಲ್ಲ. ಮುರಿಯೋದೇ ಬೇಡ, ಕೈ ಜಿಡ್ಡು ಮೆತ್ತಿದರೂ ಆ ಜಾಗದಲ್ಲಿ ಸುಣ್ಣ ಸರಿಯಾಗಿ ಕೂರಲ್ಲ, ಕಪ್ಪಾಗುತ್ತಾ ಹೋಗುತ್ತೆ.

ಮಳೆಹುಚ್ಚ
ಮೇಘಾಲಯದ ಮಾವ್‌ಮ್ಲು ಗುಹೆಯ ಇಂಥದೇ ಸುಣ್ಣದ ಕಂಬದ ಪದರಗಳಲ್ಲಿ, ಸುಮಾರು 4,200 ವರ್ಷದ ಹಿಂದೆ ಮುಂಗಾರು ಸೊರಗಿದ್ದರ ಗುರುತು ಸಿಕ್ಕಿತು. 2018ರಲ್ಲಿ ಭೂಮಿಯ ಈಗಿನ ಕಾಲಘಟ್ಟಕ್ಕೆ ಮೇಘಾಲಯದ ಹೆಸರನ್ನೇ ಇಟ್ಟರು. ಅದು ಯಾವ ಗುಹೆಯದು ಅಂತ ಗೊತ್ತಿದ್ದಿದ್ದಕ್ಕೇ ಅಲ್ವಾ ಅಷ್ಟು ಓದೋಕಾಗಿದ್ದು! ಷೋಕೇಸಿಗೆ ಬಂದರೆ ಅದು ಬರೀ ಕಲ್ಲು.

ದಾಂಡೇಲಿಯವ
ಫೆವಿಕ್ವಿಕ್ ಖಂಡಿತ ಬೇಡ ಅಕ್ಕ. ದಪ್ಪ ಕಂಬ ಮುರಿದರೆ ಬಲ್ಲವರು ಒಳಗೆ ಸ್ಟೀಲ್ ಸರಳು ಕೂರಿಸಿ ಎಪಾಕ್ಸಿಯಲ್ಲಿ ಜೋಡಿಸುತ್ತಾರೆ, ಅದೂ ಅದೇ ಜಾಗ ಸಿಕ್ಕರೆ ಮಾತ್ರ. ತೊಳೆಯಬೇಡಿ. ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ತಾರೀಕು, ಜಾಗ ಬರೆದು, ಗುಹೆ ನೋಡಿಕೊಳ್ಳುವ ಪ್ರವಾಸೋದ್ಯಮದವರಿಗೆ ಫೋನ್ ಮಾಡಿ ಕಳಿಸಿ. ಬೈದರೆ ಬೈಸಿಕೊಳ್ಳಿ. ನಮ್ಮ ಕಡೆ ಕವಳಾ ಗುಹೆ ಇರೋದು ಕಾಳಿ ಹುಲಿ ಸಂರಕ್ಷಿತ ಕಾಡಿನೊಳಗೆ, ಕಾಡಿನ ಕಲ್ಲೂ ಕಾನೂನಿನ ಪ್ರಕಾರ ಅರಣ್ಯ ಉತ್ಪನ್ನವೇ, ತರುವ ಹಾಗಿಲ್ಲ. ಇನ್ನೊಂದು, ಗುಹೆ ಹತ್ತಿರ ಇಂಥ ತುಂಡು ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಕೊಳ್ಳುವವರು ಇರೋದಕ್ಕೇ ಮುರಿಯುತ್ತಾರೆ.

ಸುಮಾ_ಬಳ್ಳಾರಿ
ತುಂಬಾ ಥ್ಯಾಂಕ್ಸ್. ಮಗನನ್ನು ಕೇಳಿದೆ. ಮೆಟ್ಟಿಲ ಪಕ್ಕ, ಹಸಿರು ಲೈಟಿನ ಹಿಂದೆ, ಚಾವಣಿ ತಗ್ಗಿರುವ ಕಡೆ ಅಂದ. ಈಗ ಕೂತು ಪೆನ್ಸಿಲಲ್ಲಿ ಆ ಜಾಗದ ಚಿತ್ರ ಬರೀತಿದ್ದಾನೆ, ಅದನ್ನೂ ಡಬ್ಬಿಯಲ್ಲಿ ಇಡ್ತೀನಿ.