ಸಹಾಯ ಬೇಕು: ಸಿನಿಮಾದ ಮೂಲ ರೆಕಾರ್ಡಿಂಗಾ, ಮತ್ತೆ ನುಡಿಸಿದ ಆಲ್ಬಮ್ಮಾ?

ಸ್ನೇಹಿತರೇ, ಹಿನ್ನೆಲೆ ಸಂಗೀತವನ್ನೇ ಹುಡುಕಿ ಕೇಳುವವರ ಅಭಿಪ್ರಾಯ ಬೇಕಿತ್ತು.

ಸದ್ಯ ನಾನು ಕೇಳುತ್ತಿರುವುದು 1960ರ ‘ಸೈಕೋ’ ಸಿನಿಮಾದ ಸಂಗೀತ, ಬರ್ನಾರ್ಡ್ ಹರ್ಮನ್ ಸಂಯೋಜಿಸಿದ್ದು. ಪೂರ್ತಿ ಬರೀ ತಂತಿವಾದ್ಯ. ತಮಟೆ, ತುತ್ತೂರಿ, ಕೊಳಲು ಯಾವುದೂ ಇಲ್ಲ. ಸ್ನಾನದ ದೃಶ್ಯದಲ್ಲಿ ಪಿಟೀಲುಗಳ ಆ ಕಿರುಚಾಟ ಎಲ್ಲರಿಗೂ ಗೊತ್ತು ಬಿಡಿ. ನನಗೆ ಹುಚ್ಚು ಹಿಡಿಸಿದ್ದು ಶುರುವಿನ ಟೈಟಲ್ ಸಂಗೀತ. ಕೆಳಗೆ ಗರಗಸ ಎಳೆದ ಹಾಗೆ ಓಡುವ ಲಯ, ಅದರ ಮೇಲೆ ಇದ್ದಕ್ಕಿದ್ದಂತೆ ಪಿಟೀಲುಗಳ ಉದ್ದನೆಯ ಎಳೆತ. ಹೆಡ್‌ಫೋನ್‌ನಲ್ಲಿ ಕೇಳಿದರೆ ಬಿಲ್ಲು ತಂತಿಗೆ ಉಜ್ಜುವುದೂ ಕೇಳಿಸುತ್ತೆ.

ತೊಂದರೆ ಏನಪ್ಪಾ ಅಂದ್ರೆ, ಹರ್ಮನ್ 1975ರಲ್ಲಿ ಇದನ್ನು ತಾವೇ ಮತ್ತೆ ರೆಕಾರ್ಡ್ ಮಾಡಿದರು. ಶಬ್ದ ತುಂಬಾ ಚೆನ್ನಾಗಿದೆ, ಆದರೆ ವೇಗ ಕಡಿಮೆ. ಸಿನಿಮಾದ ಆ ಗಾಬರಿಯೇ ಮಾಯ! ನಿಮಗೂ ಹಾಗೆ ಅನ್ನಿಸಿದೆಯಾ, ಅಥವಾ ನನ್ನದು ಸುಮ್ನೆ ಅಭ್ಯಾಸಬಲವಾ?

‘ಬ್ಲೇಡ್ ರನ್ನರ್’ದೂ ಇಂಥದ್ದೇ ಗೋಳು. ಸಿನಿಮಾ ಬಂದಾಗ, 1982ರಲ್ಲಿ, ಸಿಕ್ಕಿದ್ದು ಬೇರೆ ಆರ್ಕೆಸ್ಟ್ರಾ ನುಡಿಸಿದ ಆಲ್ಬಮ್. ಸಂಗೀತ ಸಂಯೋಜಿಸಿದ ವ್ಯಾಂಜೆಲಿಸ್ ಅವರ ಸ್ವಂತ ಆಲ್ಬಮ್ ಬಂದಿದ್ದು 1994ರಲ್ಲಿ. ಅದರಲ್ಲೂ ಸಂಗೀತದ ನಡುವೆ ಸಂಭಾಷಣೆ ತುರುಕಿದ್ದಾರೆ. ನನಗಂತೂ ಕಿರಿಕಿರಿ.

ಮರುರೆಕಾರ್ಡಿಂಗೇ ಮೂಲಕ್ಕಿಂತ ಚೆನ್ನಾಗಿರುವ ಆಲ್ಬಮ್ ಇದ್ದರೆ ತಿಳಿಸಿ. ಬರೀ ತಂತಿವಾದ್ಯದ ಬೇರೆ ಸಿನಿಮಾ ಸಂಗೀತ ಗೊತ್ತಿದ್ದರೆ ಅದನ್ನೂ ಹೇಳಿ. ‘ಸೂಪರ್’ ಅಂತ ಬಿಟ್ಟುಬಿಡಬೇಡಿ, ಯಾವ ಟ್ರ್ಯಾಕ್‌ನಿಂದ ಶುರು ಮಾಡಲಿ ಅಂತ ಬರೆಯಿರಿ ಪ್ಲೀಸ್.